ಸಿಮ್ ರೇಸಿಂಗ್ ಕಲಿಯೋ ಸರಿಯಾದ ಕ್ರಮ: ವೀಲ್ ಕೂರಿಸೋದ್ರಿಂದ ಮೊದಲ ಆನ್‌ಲೈನ್ ರೇಸ್ ಮುಗಿಸೋವರೆಗೆ

"ವೀಲ್ ತಗೊಂಡು ತಿಂಗಳಾಯ್ತು, ಇನ್ನೂ ಕಾರ್ನರ್ ಕಾರ್ನರ್‌ಗೂ ಸ್ಪಿನ್ ಆಗ್ತಿದೆ." "ಗೇಮ್‌ಪ್ಯಾಡ್‌ನಲ್ಲೇ ಫಾಸ್ಟ್ ಇದ್ದೆ, ವೀಲ್ ಬಂದ್ಮೇಲೆ ಸ್ಲೋ ಆದೆ." "ಆನ್‌ಲೈನ್ ರೇಸ್‌ಗೆ ಹೋದ್ರೆ ಮೊದಲ ಕಾರ್ನರೇ ದಾಟಲ್ಲ." ಸಿಮ್ ರೇಸಿಂಗ್, ಅಂದ್ರೆ ನಿಜವಾದ ಕಾರಿನ ಥರಾನೇ ವರ್ತಿಸೋ ಗೇಮ್‌ನಲ್ಲಿ (ಅದಕ್ಕೇ ಸಿಮ್ ಅನ್ನೋದು) ರೇಸ್ ಮಾಡೋದು, ಶುರು ಮಾಡಿದವರಲ್ಲಿ ಈ ಮೂರು ಮಾತು ಎಷ್ಟು ಜನರ ಬಾಯಲ್ಲಿ ಕೇಳಿದೀನಿ ಅಂದ್ರೆ ಲೆಕ್ಕ ಇಲ್ಲ. ಇವರಲ್ಲಿ ಬಹುಪಾಲು ಜನರ ಕೈ ಕಾಲಲ್ಲಿ ಏನೂ ದೋಷ ಇಲ್ಲ, ಕ್ರಮ ತಪ್ಪಿದೆ ಅಷ್ಟೇ. ಬಾಕ್ಸ್ ಓಪನ್ ಮಾಡಿ, ಯುಎಸ್‌ಬಿ ಚುಚ್ಚಿ, ನೇರ 500 ಹಾರ್ಸ್‌ಪವರ್ ಕಾರ್ ಹತ್ತಿ ಆನ್‌ಲೈನ್ ಹೋಗ್ಬಿಡ್ತಾರೆ. ಕೆಳಗಿನ ಹಂತಗಳನ್ನ ಇದೇ ಆರ್ಡರ್‌ನಲ್ಲಿ ಮಾಡಿ, ಒಂದು ಸರಿಯಾಗೋ ತನಕ ಮುಂದಿನದಕ್ಕೆ ಹೋಗ್ಬೇಡಿ, ಯಾಕಂದ್ರೆ ಮುಂದಿನ ಹಂತ ಹಿಂದಿನದರ ಮೇಲೇ ನಿಂತಿರತ್ತೆ.

ಹಂತ 1: ಸಾಮಾನು ಆರಿಸೋದು

ಗೇಮ್‌ಪ್ಯಾಡ್ ಇದ್ರೆ ಅದ್ರಲ್ಲೇ ಶುರು ಮಾಡಿ, ತಪ್ಪೇನಿಲ್ಲ. ಗ್ರಾನ್ ಟುರಿಸ್ಮೊ 7, ಅಸೆಟೊ ಕೋರ್ಸಾ ಎರಡ್ರಲ್ಲೂ ಪ್ಯಾಡ್ ಚೆನ್ನಾಗೇ ಕೆಲಸ ಮಾಡತ್ತೆ. ಎಡಗಡೆ ಸ್ಟಿಕ್‌ಗೆ ಸ್ಟೀರಿಂಗ್, ಎರಡು ಟ್ರಿಗರ್‌ಗೆ ಥ್ರಾಟಲ್ (ಆಕ್ಸಿಲರೇಟರ್) ಮತ್ತು ಬ್ರೇಕ್ ಕೊಡಿ, ಬಟನ್‌ಗೆ ಕೊಡ್ಲೇಬೇಡಿ, ಬಟನ್ ಅಂದ್ರೆ ಸೊನ್ನೆ ಇಲ್ಲಾ ನೂರು ಅಷ್ಟೇ, ಮಧ್ಯ ಏನೂ ಇಲ್ಲ. ಸ್ಟೀರಿಂಗ್ ಗಾಮಾ ಅಂತಲೋ ಲೀನಿಯಾರಿಟಿ ಅಂತಲೋ ಒಂದು ಸೆಟ್ಟಿಂಗ್ ಇರತ್ತೆ, ಅದನ್ನ ಸ್ವಲ್ಪ ಜಾಸ್ತಿ ಮಾಡಿದ್ರೆ ಸ್ಟಿಕ್‌ನ ಮಧ್ಯಭಾಗ ಮೃದುವಾಗಿ ನೇರ ರಸ್ತೆಯಲ್ಲಿ ಕಾರು ಹಾವಿನ ಥರ ಹರಿದಾಡೋದು ನಿಲ್ಲತ್ತೆ.

ವೀಲ್ ತಗೊಳ್ಳೋದಾದ್ರೆ ಒಳಗಡೆ ಮೋಟಾರ್ ಶಕ್ತಿ ಕೈಗೆ ಹೇಗೆ ಬರತ್ತೆ ಅನ್ನೋದ್ರ ಮೇಲೆ ಮುಖ್ಯವಾಗಿ ಮೂರು ಜಾತಿ. ಗೇರ್‌ನಲ್ಲಿ ಓಡೋದು, ಉದಾಹರಣೆಗೆ ಲಾಜಿಟೆಕ್ ಜಿ29, ಜಿ920. ಇವು 900 ಡಿಗ್ರಿ ತಿರುಗತ್ವೆ, ಬಲ ಸುಮಾರು 2 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ), ಗಟ್ಟಿಮುಟ್ಟು ಆದ್ರೆ ಮಧ್ಯದಲ್ಲಿ ಸ್ವಲ್ಪ ಕಟಕಟ ಅನ್ನತ್ತೆ. ಬೆಲ್ಟ್‌ನದು, ಥ್ರಸ್ಟ್‌ಮಾಸ್ಟರ್ ಟಿ300 ಥರದ್ದು, ಇದು 1080 ಡಿಗ್ರಿ, ಸ್ಮೂತ್ ಇರತ್ತೆ. ಮೂರನೇದು ಡೈರೆಕ್ಟ್ ಡ್ರೈವ್, ಮೋಟಾರ್ ಶಾಫ್ಟ್‌ಗೇ ನೇರವಾಗಿ ವೀಲ್ ಕೂತಿರತ್ತೆ, ಫ್ಯಾನಟೆಕ್ ಸಿಎಸ್ಎಲ್ ಡಿಡಿ 5 ನ್ಯೂಟನ್ ಮೀಟರ್, ಮೋಜಾ ಆರ್5 ಅಂದ್ರೆ 5.5. ತಗೊಳ್ಳೋ ಮುಂಚೆ ನಿಮ್ಮ ಕನ್ಸೋಲ್‌ಗೆ ಹೊಂದತ್ತಾ ಅಂತ ನೋಡ್ಲೇಬೇಕು: ಜಿ29 ಪ್ಲೇಸ್ಟೇಷನ್ ಮತ್ತು ಪಿಸಿಗೆ, ಜಿ920 ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ, ಅದಲು ಬದಲು ಮಾಡಿ ತಗೊಂಡ್ರೆ ಕನ್ಸೋಲ್‌ನಲ್ಲಿ ಉಪಯೋಗಕ್ಕೆ ಬರಲ್ಲ.

ಈಗ ನನ್ನ ಅಭಿಪ್ರಾಯ, ಇದನ್ನ ಒಪ್ಪದವರೂ ಇದಾರೆ. ಕೈಲಿರೋ ದುಡ್ಡಲ್ಲಿ ವೀಲ್ ದೊಡ್ಡದು ಮಾಡ್ಲಾ ಪೆಡಲ್ ದೊಡ್ಡದು ಮಾಡ್ಲಾ ಅಂತ ಬಂದ್ರೆ ಪೆಡಲ್‌ಗೇ ಹಾಕಿ. ಸಾದಾ ಬ್ರೇಕ್ ಪೆಡಲ್ ನೀವು ಎಷ್ಟು ದೂರ ತುಳಿದ್ರಿ ಅಂತ ಅಳೆಯತ್ತೆ, ಲೋಡ್ ಸೆಲ್ ಬ್ರೇಕ್ ಎಷ್ಟು ಜೋರಾಗಿ ಒತ್ತಿದ್ರಿ ಅಂತ ಅಳೆಯತ್ತೆ. ಕಾಲಿಗೆ ದೂರ ನೆನಪಿಟ್ಟುಕೊಳ್ಳೋದು ಕಷ್ಟ, ಒತ್ತಡ ನೆನಪಿಟ್ಟುಕೊಳ್ಳೋದು ಸುಲಭ. ಲ್ಯಾಪ್ ಮೇಲೆ ಲ್ಯಾಪ್ ಒಂದೇ ಜಾಗದಲ್ಲಿ ಒಂದೇ ಥರ ಬ್ರೇಕ್ ಬೀಳೋದು ಇದ್ರಿಂದಾನೇ.

ಹಂತ 2: ಅಲುಗಾಡದ ಹಾಗೆ ಕೂರಿಸೋದು

ಇದನ್ನ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ, ಆದ್ರೆ ಸ್ಪಿನ್‌ಗಳಲ್ಲಿ (ಕಾರು ಹಿಡಿತ ತಪ್ಪಿ ಗಿರ್ರನೆ ತಿರುಗೋದು) ಅರ್ಧಪಾಲು ಇಲ್ಲೇ ಹುಟ್ಟೋದು. ಟೇಬಲ್ ಅಂಚು ಗಟ್ಟಿ ಇರ್ಬೇಕು, ಕ್ಲಾಂಪನ್ನ ಕೈಯಲ್ಲೇ ಬಿಗಿ ಮಾಡಿ, ಪಕ್ಕಡ್ ಹಾಕಿ ತಿರುವಿದ್ರೆ ಪ್ಲಾಸ್ಟಿಕ್ ಕ್ಲಾಂಪ್ ಸೀಳತ್ತೆ. ವೀಲ್ ಹಿಡಿದು ಜೋರಾಗಿ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿ, ಟೇಬಲ್ ಮೇಲಿರೋ ಮಾನಿಟರ್ ನಡುಗಿದ್ರೆ ಅದು ರೇಸ್‌ನಲ್ಲೂ ನಡುಗತ್ತೆ.

ಪೆಡಲ್ ಗೋಡೆಗೆ ಒರಗಿರ್ಲಿ. ಮಧ್ಯೆ ಜಾಗ ಉಳಿದ್ರೆ ಒಂದು ಮರದ ಹಲಗೆ ಕೊಡಿ. ಚಕ್ರ ಇರೋ ಆಫೀಸ್ ಕುರ್ಚಿ ಆದ್ರೆ ಗಾಲಿಗಳನ್ನ ಲಾಕ್ ಮಾಡಿ ಇಲ್ಲಾ ತೆಗೆದುಬಿಡಿ. ನೀವು ಬ್ರೇಕ್ ತುಳಿದಾಗ ಕುರ್ಚಿ ಒಂದು ಇಂಚು ಹಿಂದೆ ಹೋದ್ರೂ ಪೆಡಲ್‌ಗೆ ಹೋಗ್ಬೇಕಾದ ಬಲ ಕುರ್ಚಿಗೆ ಹೋಯ್ತು ಅಂತಾನೇ ಅರ್ಥ, ಮೇಲಾಗಿ ಕಾಲು ಪೂರ್ತಿ ಚಾಚಿಕೊಂಡು ಮುಂದಿನ ಕಾರ್ನರ್‌ನಲ್ಲಿ ನಿಮ್ಮ ಅಳತೆಯೇ ಬೇರೆ ಆಗೋಗತ್ತೆ. ಲೋಡ್ ಸೆಲ್ ಹಾಕಿದ್ರಂತೂ ಪೆಡಲ್ ಮತ್ತು ಕುರ್ಚಿ ಎರಡನ್ನೂ ಒಂದೇ ಫ್ರೇಮ್‌ಗೆ ಬೋಲ್ಟ್ ಮಾಡಿರೋ ರಿಗ್ ಇಲ್ದೆ ನೆಮ್ಮದಿ ಇಲ್ಲ.

ಕೂತ ಭಂಗಿ: ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಗ್ಗಿರ್ಬೇಕು, ಹಿಮ್ಮಡಿ ನೆಲದ ಮೇಲೆ ಇರ್ಬೇಕು, ಕೈ 9 ಗಂಟೆ ಮತ್ತು 3 ಗಂಟೆ ಜಾಗದಲ್ಲಿ, ಮೊಣಕೈ ಬಗ್ಗಿ, ಭುಜ ಸಡಿಲ. ಹತ್ತು ನಿಮಿಷಕ್ಕೇ ಭುಜ ನೋಯ್ತಿದ್ರೆ ವೀಲ್ ದೂರ ಇದೆ ಇಲ್ಲಾ ಎತ್ತರ ಇದೆ.

ಹಂತ 3: ಕ್ಯಾಲಿಬ್ರೇಶನ್

1. ಪವರ್ ಕೊಟ್ಟಾಗ ಗೇರ್ ಮತ್ತು ಬೆಲ್ಟ್ ವೀಲ್‌ಗಳು ತಾವಾಗೇ ಎರಡೂ ಕಡೆ ಪೂರ್ತಿ ತಿರುಗಿ ಮಧ್ಯಕ್ಕೆ ಬರತ್ವೆ. ಆಗ ಮುಟ್ಬೇಡಿ. ಹಿಡ್ಕೊಂಡ್ರೆ ಮಧ್ಯಬಿಂದು ತಪ್ಪಿ ಕಾರು ಯಾವಾಗ್ಲೂ ಒಂದು ಕಡೆ ಎಳೀತಾ ಇರತ್ತೆ.

2. ಕಂಪನಿಯ ಸಾಫ್ಟ್‌ವೇರ್ ಹಾಕಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ರೊಟೇಶನ್ 900 ಇಡಿ. ಸೆಂಟರಿಂಗ್ ಸ್ಪ್ರಿಂಗ್ ಅನ್ನೋದನ್ನ ಆಫ್ ಮಾಡಿ, ಅದು ಟೈರ್ ಏನು ಹೇಳ್ತಿದೆ ಅಂತ ಲೆಕ್ಕಿಸದೆ ವೀಲನ್ನ ಸುಮ್ನೆ ಮಧ್ಯಕ್ಕೆ ಎಳೆಯೋ ಕೃತಕ ಬಲ.

3. ಸಿಮ್ ಒಳಗೆ ಹೋಗಿ ಸ್ಟೀರಿಂಗ್, ಥ್ರಾಟಲ್, ಬ್ರೇಕ್ ಒಂದೊಂದಾಗಿ ಅಸೈನ್ ಮಾಡಿ. ಅಸೆಟೊ ಕೋರ್ಸಾ ಕಾಂಪಿಟಿಜಿಯೋನೆಯಲ್ಲಿ ಸ್ಟೀರ್ ಲಾಕ್ ಅಂತ ಒಂದು ನಂಬರ್ ಕೇಳತ್ತೆ, ಡ್ರೈವರ್‌ನಲ್ಲಿ ಎಷ್ಟಿದೆಯೋ ಅಷ್ಟೇ ಇಲ್ಲೂ ಹಾಕಿ. ಆಮೇಲೆ ನಿಮ್ಮ ವೀಲನ್ನ ಕಾಲು ಸುತ್ತು ತಿರುಗಿಸಿ ಸ್ಕ್ರೀನ್ ಮೇಲಿನ ವೀಲ್ ಕೂಡ ಅಷ್ಟೇ ತಿರುಗತ್ತಾ ನೋಡಿ. ಹೊಂದದಿದ್ರೆ ಅಲ್ಲೇ ನಿಲ್ಸಿ, ಮೊದಲು ಅದನ್ನ ಸರಿ ಮಾಡಿ.

4. ಪೆಡಲ್ ಬಾರ್‌ಗಳನ್ನ ನೋಡಿ. ಕಾಲು ಸುಮ್ನೆ ಪೆಡಲ್ ಮೇಲೆ ಇಟ್ಟಾಗ ಬ್ರೇಕ್ 2-3 ಪರ್ಸೆಂಟ್ ತೋರಿಸ್ತಿದ್ರೆ ಸ್ಟ್ರೈಟ್‌ನಲ್ಲಿ ನಿಮಗೆ ಗೊತ್ತಿಲ್ದೇ ಬ್ರೇಕ್ ಹಿಡೀತಿದೆ, ಅಷ್ಟು ಡೆಡ್‌ಜೋನ್ (ಸಿಮ್ ಲೆಕ್ಕಕ್ಕೆ ತಗೊಳ್ಳದ ಶುರುವಿನ ಭಾಗ) ಕೊಡಿ. ಥ್ರಾಟಲ್ ಪೂರ್ತಿ ತುಳಿದಾಗ 100 ಮುಟ್ಟಲೇಬೇಕು. "ನಾನು ಸ್ಟ್ರೈಟ್‌ನಲ್ಲಿ ಸ್ಲೋ" ಅನ್ನೋವ್ರು ಮೊದಲು ಇದೆರಡನ್ನ ಚೆಕ್ ಮಾಡಿ, ಎಷ್ಟೋ ಸಲ ಕಾರಿನ ಸೆಟಪ್ (ಸ್ಪ್ರಿಂಗ್, ಟೈರ್ ಒತ್ತಡದ ಥರದ ಹೊಂದಾಣಿಕೆ) ಬದಲಾಯಿಸೋ ಅಗತ್ಯಾನೇ ಬರಲ್ಲ.

5. ಲೋಡ್ ಸೆಲ್ ಆದ್ರೆ 100 ಪರ್ಸೆಂಟ್ ಅನ್ನೋದು ನಿಮ್ಮ ಪೂರ್ತಿ ಶಕ್ತಿ ಆಗ್ಬಾರ್ದು, ಅರ್ಧ ಗಂಟೆ ರೇಸಲ್ಲಿ ಪದೇ ಪದೇ ಒತ್ತೋಕೆ ಆಗೋ ಒತ್ತಡ ಆಗಿರ್ಬೇಕು.

ಇನ್ನೊಂದು, ವಿಂಡೋಸ್‌ನ ಪವರ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಸಸ್ಪೆಂಡ್ ಆಫ್ ಮಾಡಿ, ವೀಲನ್ನ ಹಬ್ ಬಿಟ್ಟು ನೇರ ಕಂಪ್ಯೂಟರ್‌ಗೆ ಹಾಕಿ. ರೇಸ್ ಮಧ್ಯೆ ವೀಲ್ ಒಂದು ಸೆಕೆಂಡ್ ಸತ್ತು ಮತ್ತೆ ಬಂತು ಅಂದ್ರೆ ಬಹುತೇಕ ಇವೆರಡರಲ್ಲಿ ಒಂದೇ ಕಾರಣ.

ಹಂತ 4: ಸ್ಕ್ರೀನ್ ಮತ್ತು ಫೀಲ್ಡ್ ಆಫ್ ವ್ಯೂ

ಡೀಫಾಲ್ಟ್‌ನಲ್ಲಿ ಫೀಲ್ಡ್ ಆಫ್ ವ್ಯೂ, ಅಂದ್ರೆ ಸ್ಕ್ರೀನಲ್ಲಿ ಎಷ್ಟು ಡಿಗ್ರಿ ನೋಟ ಕಾಣತ್ತೆ ಅನ್ನೋದು, ತುಂಬಾ ಅಗಲ ಇರತ್ತೆ. ನೋಡೋಕೆ ಚೆಂದ, ಸ್ಪೀಡ್ ಜಾಸ್ತಿ ಇದ್ದ ಹಾಗೆ ಕಾಣತ್ತೆ, ಆದ್ರೆ ಕಾರ್ನರ್ ನಿಜಕ್ಕಿಂತ ದೂರ ಮತ್ತು ಚಿಕ್ಕದಾಗಿ ಕಾಣೋದ್ರಿಂದ ಎಲ್ಲಿ ಬ್ರೇಕ್ ಮಾಡ್ಬೇಕು ಅಂತ ಕಣ್ಣಿಗೆ ಲೆಕ್ಕ ಸಿಗಲ್ಲ.

ಲೆಕ್ಕ ಸುಲಭ. ಸ್ಕ್ರೀನ್ ಅಗಲದ ಅರ್ಧವನ್ನ ಕಣ್ಣಿಂದ ಸ್ಕ್ರೀನ್‌ಗಿರೋ ದೂರದಿಂದ ಭಾಗಿಸಿ, ಅದರ ಟ್ಯಾನ್ ಇನ್ವರ್ಸ್ ತೆಗೆದು, 2ರಿಂದ ಗುಣಿಸಿ. 27 ಇಂಚಿನ ಸಾದಾ ಮಾನಿಟರ್ ಸುಮಾರು 60 ಸೆಂಟಿಮೀಟರ್ ಅಗಲ, 34 ಎತ್ತರ. 60 ಸೆಂಟಿಮೀಟರ್ ದೂರ ಕೂತ್ರೆ ಅಡ್ಡಕ್ಕೆ ಸುಮಾರು 53 ಡಿಗ್ರಿ, ಉದ್ದಕ್ಕೆ 31 ಬರತ್ತೆ. ಅದೇ ಮಾನಿಟರನ್ನ ಹತ್ತಿರ ತಂದು 50 ಸೆಂಟಿಮೀಟರ್ ಮಾಡಿದ್ರೆ 62 ಮತ್ತು 37. ಅಂದ್ರೆ ಮಾನಿಟರನ್ನ ವೀಲ್ ಹಿಂದೆಯೇ ಅಂಟಿಸಿದ ಹಾಗೆ ಹತ್ತಿರ ಇಟ್ಕೊಳ್ಳಿ, ಒಂದು ಪೈಸೆ ಖರ್ಚಿಲ್ದೆ ಆಗೋ ಅಪ್‌ಗ್ರೇಡ್ ಇದು. ಇಲ್ಲಿ ಎಡವೋದು ಎಲ್ಲಿ ಅಂದ್ರೆ, ಅಸೆಟೊ ಕೋರ್ಸಾ ಮತ್ತು ಕಾಂಪಿಟಿಜಿಯೋನೆ ಕೇಳೋದು ಉದ್ದದ ಅಂದ್ರೆ ವರ್ಟಿಕಲ್ ನಂಬರ್, ಐರೇಸಿಂಗ್ ಕೇಳೋದು ಅಡ್ಡದ್ದು. ಒಂದರ ನಂಬರ್ ಇನ್ನೊಂದಕ್ಕೆ ಹಾಕಿದ್ರೆ ಎಲ್ಲ ಕೆಡತ್ತೆ.

ಸರಿಯಾದ ನಂಬರ್ ಹಾಕಿದ ಮೊದಲ ದಿನ ಕಿಟಕಿಯಿಂದ ಇಣುಕಿದ ಹಾಗೆ ಅನ್ಸತ್ತೆ, ಪಕ್ಕದ ಕಾರು ಕಾಣಲ್ಲ. ಸಹಿಸಿಕೊಳ್ಳಿ. ಪಕ್ಕಕ್ಕೆ ರಾಡಾರ್ (ಸುತ್ತ ಇರೋ ಕಾರುಗಳನ್ನ ತೋರಿಸೋ ಚಿತ್ರ) ಮತ್ತು ಸ್ಪಾಟರ್ (ಪಕ್ಕದಲ್ಲಿ ಕಾರಿದೆ ಅಂತ ಹೇಳೋ) ಧ್ವನಿ ಆನ್ ಮಾಡ್ಕೊಳ್ಳಿ, ಹಿಂದಕ್ಕೆ ವರ್ಚುವಲ್ ಮಿರರ್. ವ್ಯೂ ಮಾತ್ರ ಕಾಕ್‌ಪಿಟ್‌ನದೇ ಇರ್ಲಿ.

ಗ್ರಾಫಿಕ್ಸ್ ವಿಷಯ ಬೇಗ ಮುಗಿಸ್ತೀನಿ: ಮೋಷನ್ ಬ್ಲರ್ ಆಫ್, ವಿ-ಸಿಂಕ್ ಆಫ್, ನೆರಳು ಮತ್ತು ಕನ್ನಡಿಯ ಕ್ವಾಲಿಟಿ ಕಡಿಮೆ. ಫ್ರೇಮ್ ರೇಟನ್ನ ಒಬ್ರೇ ಓಡಿಸ್ತಾ ಟೆಸ್ಟ್ ಮಾಡ್ಬೇಡಿ, ಇಪ್ಪತ್ತು ಮೂವತ್ತು ಎಐ (ಕಂಪ್ಯೂಟರೇ ಓಡಿಸೋ) ಕಾರ್ ಹಾಕಿ ಹಿಂದಿನ ಸಾಲಿಂದ ಸ್ಟಾರ್ಟ್ ಮಾಡಿ ನೋಡಿ. ಅಲ್ಲಿ ಜರ್ಕ್ ಹೊಡೆದ್ರೆ ಆನ್‌ಲೈನ್ ರೇಸ್‌ನ ಮೊದಲ ಕಾರ್ನರ್‌ನಲ್ಲೂ ಹೊಡೆಯತ್ತೆ. ವಿಆರ್ ಹಾಕೋರು ತಲೆ ಸ್ವಲ್ಪ ಸುತ್ತಿದ ತಕ್ಷಣ ತೆಗೆದುಬಿಡಿ, ತಡ್ಕೊಂಡ್ರೆ ಅಭ್ಯಾಸ ಆಗತ್ತೆ ಅನ್ನೋದು ಸುಳ್ಳು, ಇನ್ನೂ ಜಾಸ್ತಿ ಆಗತ್ತೆ.

ಹಂತ 5: ಫೋರ್ಸ್ ಫೀಡ್‌ಬ್ಯಾಕ್

ಟೈರ್‌ಗೆ ಏನಾಗ್ತಿದೆ ಅಂತ ಮೋಟಾರ್ ವೀಲ್ ಮೂಲಕ ಕೈಗೆ ತಿಳಿಸೋ ಬಲವೇ ಫೋರ್ಸ್ ಫೀಡ್‌ಬ್ಯಾಕ್. ವೀಲ್ ಭಾರ ಇದ್ದಷ್ಟೂ ರಿಯಲ್ ಅಂತ ಅದರ ಗೇನ್ (ಬಲದ ಪ್ರಮಾಣ) ಪೂರ್ತಿ ಏರಿಸ್ತಾರೆ. ಆಗ ಆಗೋದು ಕ್ಲಿಪ್ಪಿಂಗ್. ಮೋಟಾರ್ ಕೊಡೋಕಾಗೋ ಗರಿಷ್ಠ ಬಲ ಮುಟ್ಟಿಬಿಟ್ರೆ ಅದರ ಮೇಲಿನ ವಿವರ ಎಲ್ಲ ಕತ್ತರಿಸಿಹೋಗತ್ತೆ. ಕಾರ್ನರ್ ಮಧ್ಯದಲ್ಲಿ ವೀಲ್ ಒಂದೇ ಸಮ ಭಾರ, ಮುಂದಿನ ಟೈರ್ ಹಿಡಿತ ಬಿಟ್ಟಾಗಲೂ ಕೈಗೆ ಏನೂ ಗೊತ್ತಾಗಲ್ಲ. ಇದು ಕ್ಲಿಪ್ಪಿಂಗ್‌ನ ಪಕ್ಕಾ ಲಕ್ಷಣ.

ಮಾಡೋ ರೀತಿ: ಡ್ರೈವರ್‌ನಲ್ಲಿ ಬಲ ಪೂರ್ತಿ ಇಡಿ (ಡೈರೆಕ್ಟ್ ಡ್ರೈವ್ ಆದ್ರೆ ಕಮ್ಮಿಯಿಂದ ಶುರು ಮಾಡಿ ಮೆಲ್ಲಗೆ ಏರಿಸಿ), ಸಿಮ್‌ನಲ್ಲಿ ಗೇನ್ 60ರ ಹತ್ತಿರ. ರೋಡ್ ಎಫೆಕ್ಟ್, ಕರ್ಬ್ ಎಫೆಕ್ಟ್, ಸ್ಲಿಪ್ ಎಫೆಕ್ಟ್ ಅಂತ ಇರೋ ಮೇಲೋಗರ ಎಲ್ಲ ಸೊನ್ನೆ. ಟ್ರ್ಯಾಕ್‌ನ ಅತಿ ವೇಗದ ಉದ್ದ ಕಾರ್ನರ್‌ನಲ್ಲಿ ಮೀಟರ್ ನೋಡಿ, ಅಸೆಟೊ ಕೋರ್ಸಾದಲ್ಲಿ ಪೆಡಲ್ ಬಾರ್ ಪಕ್ಕದ ಫೋರ್ಸ್ ಬಾರ್ ಕೆಂಪಾದ್ರೆ ಕ್ಲಿಪ್ ಆಗ್ತಿದೆ. ಕರ್ಬ್ (ಟ್ರ್ಯಾಕ್ ಅಂಚಿನ ಉಬ್ಬು ಪಟ್ಟಿ) ಹತ್ತಿದಾಗ ಮಾತ್ರ ಕ್ಷಣ ಕೆಂಪಾಗಿ ಇಳಿಯೋವಷ್ಟು ಗೇನ್ ಇಳಿಸಿ. ಐರೇಸಿಂಗ್‌ನಲ್ಲಿ ಕೆಲವು ಲ್ಯಾಪ್ ಓಡಿಸಿ ಆಟೋ ಬಟನ್ ಒತ್ತಿದ್ರೆ ಅದೇ ಲೆಕ್ಕ ಹಾಕತ್ತೆ. ಗೇರ್ ವೀಲ್‌ನವರು ಮಿನಿಮಮ್ ಫೋರ್ಸ್ ಅನ್ನೋದನ್ನ ಒಂದೊಂದೇ ಏರಿಸಿ, ಮಧ್ಯದ ಸಡಿಲ ಜಾಗ ಹೋಗತ್ತೆ, ಆದ್ರೆ ನೇರ ಹೋಗುವಾಗ ವೀಲ್ ತಾನೇ ಗಡಗಡ ಅಂದ್ರೆ ಜಾಸ್ತಿ ಆಯ್ತು.

ಡೈರೆಕ್ಟ್ ಡ್ರೈವ್ ಇರೋರು ಇದನ್ನ ದಯವಿಟ್ಟು ಓದಿ. ಹೆಬ್ಬೆರಳನ್ನ ವೀಲ್ ಕಡ್ಡಿಗಳ ಒಳಗೆ ಸಿಕ್ಕಿಸಿ ಹಿಡೀಬೇಡಿ, ಗೋಡೆಗೆ ಗುದ್ದೋದು ಖಾತ್ರಿ ಆದ ತಕ್ಷಣ ಎರಡೂ ಕೈ ಬಿಡಿ. ಮೋಟಾರ್ ತಿರುಗಿಸೋ ಬಲಕ್ಕೆ ಬೆರಳು ಮಣಿಕಟ್ಟು ಉಳುಕೋದು ನಿಜವಾಗ್ಲೂ ಆಗತ್ತೆ. ಸ್ಟ್ರೈಟ್‌ನಲ್ಲಿ ಕೈ ಬಿಟ್ಟಾಗ ವೀಲ್ ಎಡಬಲಕ್ಕೆ ಜೋರಾಗಿ ಹೊಡ್ಕೊಳ್ತಿದ್ರೆ ಡ್ಯಾಂಪಿಂಗ್ (ವೀಲ್ ಅಲ್ಲಾಟ ತಡೆಯೋ ಸೆಟ್ಟಿಂಗ್) ಏರಿಸೋವರೆಗೂ ಓಡಿಸ್ಬೇಡಿ. ಮನೇಲಿ ಮಕ್ಕಳಿದ್ರೆ ಉಪಯೋಗ ಇಲ್ದಾಗ ಪವರ್ ಆಫ್ ಮಾಡಿಡಿ.

ಹಂತ 6: ಒಂದು ಸಿಮ್, ಒಂದು ಕಾರು, ಒಂದು ಟ್ರ್ಯಾಕ್

ಅಸೆಟೊ ಕೋರ್ಸಾ 2014ರದ್ದು, ಹಳೇ ಕಂಪ್ಯೂಟರ್‌ನಲ್ಲೂ ಓಡತ್ತೆ. ರೇಸ್‌ರೂಮ್ ಶುರು ಮಾಡೋಕೆ ದುಡ್ಡು ಕೇಳಲ್ಲ. 2008ರಿಂದ ಇರೋ ಐರೇಸಿಂಗ್‌ಗೆ ಚಂದಾ ಕಟ್ಬೇಕು, ಬದಲಿಗೆ ದಿನದ ಯಾವ ಹೊತ್ತಿಗೆ ಹೋದ್ರೂ ನಿಮ್ಮ ಮಟ್ಟದ ಜನರ ಜೊತೆ ರೇಸ್ ಸಿಗತ್ತೆ. ಜಿಟಿ3 (ಸ್ಪೋರ್ಟ್ಸ್ ಕಾರ್‌ಗಳಿಂದ ಮಾಡಿದ ರೇಸ್ ಕಾರ್‌ಗಳ ವರ್ಗ) ಒಂದೇ ಸಾಕು ಅನ್ನೋರಿಗೆ ಕಾಂಪಿಟಿಜಿಯೋನೆ. ಯಾವುದಾದ್ರೂ ಒಂದು ಆರಿಸಿ ಅದ್ರಲ್ಲೇ ಇರಿ.

ಕಾರು ಮಾತ್ರ ಸಣ್ಣದೇ ಇರ್ಬೇಕು. ಮಜ್ಡಾ ಎಂಎಕ್ಸ್-5 ಸಿಕ್ಕಿದ್ರೆ ಅದೇ ಬೆಸ್ಟ್: ಪವರ್ ಕಮ್ಮಿ, ಹಿಂದಿನ ಚಕ್ರಕ್ಕೆ ಎಳೆತ, ಡೌನ್‌ಫೋರ್ಸ್ (ಗಾಳಿ ಕಾರನ್ನ ನೆಲಕ್ಕೆ ಒತ್ತೋ ಬಲ) ಸಹಾಯ ಇಲ್ಲ, ನೀವು ಮಾಡಿದ ತಪ್ಪನ್ನ ನಿಧಾನವಾಗಿ ತೋರಿಸತ್ತೆ. ಟ್ರ್ಯಾಕ್ ಚಿಕ್ಕದಿರ್ಲಿ, ಲೈಮ್ ರಾಕ್ ಪಾರ್ಕ್ ಸುಮಾರು 2.4 ಕಿಲೋಮೀಟರ್, ಬ್ರಾಂಡ್ಸ್ ಹ್ಯಾಚ್ ಇಂಡಿ ಲೇಔಟ್ 1.9. ಎಲ್ಲರಿಗೂ ಮೊದಲ ದಿನವೇ ನೂರ್ಬರ್ಗ್‌ರಿಂಗ್ ನೋರ್ಡ್‌ಶ್ಲೈಫೆ ಬೇಕು, ಆಸೆ ಅರ್ಥ ಆಗತ್ತೆ, ಆದ್ರೆ ಅದು 20.8 ಕಿಲೋಮೀಟರ್. ಒಂದು ಕಾರ್ನರ್‌ನಲ್ಲಿ ತಪ್ಪು ಮಾಡಿದ್ರೆ ಅದೇ ಕಾರ್ನರ್ ಮತ್ತೆ ಬರೋಕೆ ಏಳೆಂಟು ನಿಮಿಷಕ್ಕೂ ಜಾಸ್ತಿ ಆಗತ್ತೆ, ಅಷ್ಟೊತ್ತಿಗೆ ಏನು ತಪ್ಪು ಮಾಡಿದ್ದೆ ಅನ್ನೋದೇ ಮರೆತಿರತ್ತೆ. ಚಿಕ್ಕ ಟ್ರ್ಯಾಕ್‌ನಲ್ಲಿ ನಿಮಿಷಕ್ಕೊಂದು ಸಲ ಸರಿ ಮಾಡ್ಕೊಳ್ಳೋ ಅವಕಾಶ ಬರತ್ತೆ.

ಅಸಿಸ್ಟ್‌ಗಳಲ್ಲಿ (ಓಡಿಸೋಕೆ ಸಿಮ್ ಕೊಡೋ ಸಹಾಯಗಳು) ಆಟೋ ಕ್ಲಚ್ ಇರ್ಲಿ. ಸ್ಟೆಬಿಲಿಟಿ ಕಂಟ್ರೋಲ್ ಮೊದಲ ದಿನವೇ ಆಫ್, ಯಾಕಂದ್ರೆ ಅದು ಹಿಂಭಾಗ ಜಾರೋದನ್ನ ಮುಚ್ಚಿಟ್ಟು ಸುಳ್ಳು ಧೈರ್ಯ ಕೊಡತ್ತೆ. ಜಿಟಿ3 ಕಾರ್‌ಗಳ ಎಬಿಎಸ್ ಮತ್ತು ಟ್ರ್ಯಾಕ್ಷನ್ ಕಂಟ್ರೋಲ್ ನಿಜ ಕಾರಲ್ಲೂ ಇರೋದ್ರಿಂದ ಅವನ್ನ ಬಳಸೋಕೆ ಸಂಕೋಚ ಬೇಡ. ಬಣ್ಣದ ರೇಸಿಂಗ್ ಲೈನ್ ಇರತ್ತಲ್ಲ, ಟ್ರ್ಯಾಕ್ ಯಾವ ಕಡೆ ತಿರುಗತ್ತೆ ಅಂತ ತಿಳಿಯೋವರೆಗೆ ಇಟ್ಕೊಂಡು ತೆಗೆದುಬಿಡಿ, ಅದು ಕಣ್ಣನ್ನ ಬಾನೆಟ್ ಮುಂದಕ್ಕೇ ಕಟ್ಟಿಹಾಕತ್ತೆ.

ಹಂತ 7: ಬ್ರೇಕ್

ಇಲ್ಲಿ ನಿಧಾನವಾಗಿ ಓದಿ. ಲ್ಯಾಪ್ ಟೈಮ್ ಹೋಗೋದೂ ಇಲ್ಲೇ, ಸ್ಪಿನ್ ಆಗೋದೂ ಇಲ್ಲೇ, ಇನ್ನೊಬ್ರಿಗೆ ಗುದ್ದೋದೂ ಇಲ್ಲೇ.

1. ಗುರುತು ಹಿಡಿಯೋದು. ಪ್ರತಿ ಕಾರ್ನರ್‌ಗೂ ಅಲುಗಾಡದ ಒಂದು ಗುರುತು ಬೇಕು: 100 ಮೀಟರ್ ಬೋರ್ಡ್, ಕರ್ಬ್ ಶುರುವಾಗೋ ಜಾಗ, ಡಾಂಬರಿನ ಬಣ್ಣ ಬದಲಾಗೋ ಜಾಗ. ನೆರಳನ್ನ ಗುರುತು ಮಾಡ್ಕೊಬೇಡಿ, ಸಿಮ್‌ನಲ್ಲಿ ಹೊತ್ತು ಬದಲಾದ್ರೆ ನೆರಳೂ ಸರಿಯತ್ತೆ. ಕೋನ್ ಕೂಡ ಬೇಡ, ಮೊದಲ ಲ್ಯಾಪಲ್ಲೇ ಯಾರೋ ಹಾರಿಸಿಬಿಡ್ತಾರೆ.

2. ನೇರವಾಗಿದ್ದಾಗ ಪೂರ್ತಿ ಬ್ರೇಕ್. ಹೊಸಬರು ಮೆತ್ತಗೆ ಶುರು ಮಾಡಿ ಕಾರ್ನರ್ ಹತ್ತಿರ ಬಂದ ಹಾಗೆ ಗಾಬರಿಯಾಗಿ ಜೋರು ಒತ್ತಾರೆ. ಇದನ್ನ ಉಲ್ಟಾ ಮಾಡಿ. ಮೊದಲೇ ಬೇಗ ಮತ್ತು ಗಟ್ಟಿಯಾಗಿ ಒತ್ತಿ, ಆಮೇಲೆ ಬಿಡ್ತಾ ಬನ್ನಿ. ಡೌನ್‌ಫೋರ್ಸ್ ಇರೋ ಕಾರಲ್ಲಂತೂ ಇದು ಕಡ್ಡಾಯ, ವೇಗ ಇದ್ದಾಗ ಗಾಳಿ ಕಾರನ್ನ ನೆಲಕ್ಕೆ ಒತ್ತಿರತ್ತೆ ಹಾಗಾಗಿ ಟೈರ್ ಜಾಸ್ತಿ ಬ್ರೇಕ್ ತಡ್ಕೊಳ್ಳತ್ತೆ, ವೇಗ ಇಳಿದ ಹಾಗೆ ಆ ಒತ್ತಡವೂ ಹೋಗತ್ತೆ.

3. ಲಾಕ್ ಆದಾಗ. ಎಬಿಎಸ್ ಇಲ್ಲದ ಕಾರಲ್ಲಿ ಮುಂದಿನ ಚಕ್ರ ಲಾಕ್ ಆದ್ರೆ ಟೈರ್ ಕಿರುಚತ್ತೆ, ವೀಲ್ ಹಗುರ ಆಗತ್ತೆ, ನೀವು ಎತ್ತ ತಿರುಗಿಸಿದ್ರೂ ಕಾರು ನೇರ ಹೋಗತ್ತೆ. ಪೂರ್ತಿ ಕಾಲು ಎತ್ತಬೇಡಿ, ಸ್ವಲ್ಪ ಸಡಿಲಿಸಿ, ಚಕ್ರ ಮತ್ತೆ ಉರುಳೋಕೆ ಅಷ್ಟು ಸಾಕು.

4. ಗೇರ್ ಇಳಿಸೋದು. "ಬ್ರೇಕ್ ಹಾಕಿದ ತಕ್ಷಣ ಹಿಂಭಾಗ ತಿರುಗಿ ಹೋಗತ್ತೆ" ಅನ್ನೋರಲ್ಲಿ ಮುಕ್ಕಾಲು ಪಾಲು ಇದೇ ಕಾರಣ. ಆರರಿಂದ ಎರಡಕ್ಕೆ ಟಪಟಪ ಅಂತ ಪ್ಯಾಡಲ್ (ವೀಲ್ ಹಿಂದಿರೋ ಗೇರ್ ಪಟ್ಟಿ) ಎಳೆದ್ರೆ ಇಂಜಿನ್ ಹಿಂದಿನ ಚಕ್ರವನ್ನ ಹಿಡಿದು ನಿಲ್ಲಿಸತ್ತೆ. ಪ್ರತಿ ಗೇರ್‌ಗೂ ಇಂಜಿನ್ ಸದ್ದು ಇಳಿಯೋವರೆಗೆ ಕಾದು ಆಮೇಲೆ ಮುಂದಿನದು ಎಳೀರಿ. ಅಷ್ಟಾದ್ರೂ ಹಿಂಭಾಗ ಅಲ್ಲಾಡಿದ್ರೆ ಬ್ರೇಕ್ ಬಯಾಸ್ (ಮುಂದಿನ ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚಿಕೆ) ಒಂದೆರಡು ಪರ್ಸೆಂಟ್ ಮುಂದಕ್ಕೆ ಹಾಕಿ.

5. ಟ್ರೈಲ್ ಬ್ರೇಕಿಂಗ್. ಮೇಲಿನ ನಾಲ್ಕು ಕೂತ ಮೇಲೆ ಮಾತ್ರ ಇದು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಿನ ಟೈರ್ ಮೇಲೆ ಬರತ್ತೆ, ಭಾರ ಇದ್ದ ಟೈರ್ ಚೆನ್ನಾಗಿ ತಿರುಗಿಸತ್ತೆ. ಅದಕ್ಕೇ ವೀಲ್ ತಿರುಗಿಸೋ ಹೊತ್ತಿಗೆ ಬ್ರೇಕ್ ಪೂರ್ತಿ ಬಿಡ್ದೆ 30-40 ಪರ್ಸೆಂಟ್ ಉಳಿಸ್ಕೊಂಡು, ಎಪೆಕ್ಸ್ (ಕಾರ್ನರ್‌ನ ಒಳ ಅಂಚಿಗೆ ಅತಿ ಹತ್ತಿರ ಬರೋ ಜಾಗ) ಹತ್ತಿರ ಆದ ಹಾಗೆ ಸೊನ್ನೆಗೆ ತರಬೇಕು. ಬ್ರೇಕ್ ಮತ್ತು ಸ್ಟೀರಿಂಗ್ ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ, ಒಂದು ಏರಿದಷ್ಟೂ ಇನ್ನೊಂದು ಇಳೀಬೇಕು. ಕಾಲು ತಟ್ಟನೆ ಬಿಟ್ರೆ ಭಾರ ಹಿಂದಕ್ಕೆ ಹೋಗಿ ಕಾರು ಮೂಗು ತಿರುಗಿಸದೆ ಹೊರಗೆ ತೇಲತ್ತೆ. ತಡವಾಗಿ ಬಿಟ್ರೆ ಹಿಂಭಾಗ ಕಿತ್ಕೊಂಡು ಬರತ್ತೆ. ಎರಡನ್ನೂ ಬೇಕಂತಲೇ ಮಾಡಿ ನೋಡಿ, ಒಂದೇ ಕಾರ್ನರ್‌ನಲ್ಲಿ ಒಂದು ಲ್ಯಾಪ್ ತಟ್ಟನೆ ಬಿಡಿ, ಮುಂದಿನ ಲ್ಯಾಪ್ ಹಿಡ್ಕೊಂಡೇ ಹೋಗಿ. ಕಾಲು ಎಷ್ಟು ಮಾತಾಡತ್ತೆ ಅಂತ ಆಗ ಗೊತ್ತಾಗತ್ತೆ.

ಬ್ರೇಕ್‌ಗೆ ಎಡಗಾಲನ್ನೇ ಬಳಸಿ. ಕ್ಲಚ್ ಇಲ್ಲದ ಪ್ಯಾಡಲ್ ಕಾರಲ್ಲಿ ಎಡಗಾಲಿಗೆ ಬೇರೆ ಕೆಲಸವೂ ಇಲ್ಲ.

ಹಂತ 8: ತಿರುಗೋದು, ಹೊರಗೆ ಬರೋದು

ಕಣ್ಣು ಕಾರಿಗಿಂತ ಮುಂದೆ ಇರ್ಬೇಕು. ಬ್ರೇಕ್ ಒತ್ತುವಾಗಲೇ ಎಪೆಕ್ಸ್ ನೋಡಿ, ತಿರುಗುವಾಗಲೇ ಹೊರಗಿನ ಕರ್ಬ್ ನೋಡಿ. ನೀವು ನೋಡ್ತಿರೋ ಕಡೆಗೇ ಕೈ ಹೋಗತ್ತೆ, ಗೋಡೆ ನೋಡಿದ್ರೆ ಗೋಡೆಗೇ.

ಅಂಡರ್‌ಸ್ಟಿಯರ್ (ವೀಲ್ ತಿರುಗಿಸಿದಷ್ಟು ಕಾರು ತಿರುಗದೆ ಹೊರಗೆ ಹೋಗೋದು) ಬಂದಾಗ ವೀಲ್ ಕೈಯಲ್ಲಿ ಹಗುರ ಆಗತ್ತೆ ಮತ್ತು ಮುಂದಿನ ಟೈರ್ ಒಂದು ಥರ ಉಜ್ಜೋ ಸದ್ದು ಮಾಡತ್ತೆ. ಆಗ ಎಲ್ಲರೂ ಮಾಡೋದು ಇನ್ನೂ ಜಾಸ್ತಿ ತಿರುಗಿಸೋದು. ಅದ್ರಿಂದ ಟೈರ್ ಬಿಸಿ ಆಗತ್ತೆ ಅಷ್ಟೇ, ಕಾರು ತಿರುಗಲ್ಲ, ಮೇಲಾಗಿ ಹಿಡಿತ ವಾಪಸ್ ಬಂದ ಕ್ಷಣ ಕಾರು ಗಕ್ಕಂತ ಒಳಗೆ ತಿರುಗಿ ಸ್ಪಿನ್ ಆಗತ್ತೆ. ಥ್ರಾಟಲ್ ಸ್ವಲ್ಪ ಬಿಡಿ, ವೀಲನ್ನ ಚೂರು ನೇರ ಮಾಡಿ, ಕಾಯಿರಿ.

ಓವರ್‌ಸ್ಟಿಯರ್‌ನಲ್ಲಿ, ಅಂದ್ರೆ ಹಿಂಭಾಗ ಜಾರಿದಾಗ, ಹಿಂಭಾಗ ಯಾವ ಕಡೆ ಹೋಗ್ತಿದೆಯೋ ಆ ಕಡೆಗೇ ವೀಲ್ ತಿರುಗಿಸಿ, ಮತ್ತು ಇದು ಮುಖ್ಯ, ಕಾರು ಸರಿಯಾಗ್ತಿದ್ದ ಹಾಗೇ ವೀಲನ್ನೂ ಅಷ್ಟೇ ಬೇಗ ನೇರ ಮಾಡಿ. ಎಷ್ಟೋ ಜನ ಮೊದಲ ಜಾರಿಕೆ ಹಿಡೀತಾರೆ, ವೀಲ್ ವಾಪಸ್ ತರೋದು ತಡ ಮಾಡಿ ಎದುರು ದಿಕ್ಕಿಗೆ ಹೋಗಿ ಗೋಡೆಗೆ ಹೊಡೀತಾರೆ.

ಥ್ರಾಟಲ್‌ಗೆ ಒಂದೇ ರೂಲ್. ಒಮ್ಮೆ ಒತ್ತೋಕೆ ಶುರು ಮಾಡಿದ್ರೆ ಮತ್ತೆ ಬಿಡೋ ಪರಿಸ್ಥಿತಿ ಬರ್ಬಾರ್ದು. ಬಂತು ಅಂದ್ರೆ ನೀವು ಬೇಗ ಒತ್ತಿದೀರಿ. ಎಪೆಕ್ಸನ್ನ ಸ್ವಲ್ಪ ತಡವಾಗಿ ಮುಟ್ಟಿ, ವೀಲ್ ನೇರ ಆಗ್ತಿದ್ದ ಹಾಗೆ ಥ್ರಾಟಲ್ ತುಂಬ್ತಾ ಹೋಗಿ, ಉದ್ದ ಸ್ಟ್ರೈಟ್ ಮುಂದಿರೋ ಕಾರ್ನರ್‌ನಲ್ಲಿ ಇದರ ಲಾಭ ಸ್ಟ್ರೈಟ್ ಮುಗಿಯೋವರೆಗೂ ಸಿಗತ್ತೆ.

ಹಂತ 9: ರೇಸ್‌ಗೆ ರೆಡಿನಾ ಅಂತ ನೋಡೋದು

ಬೆಸ್ಟ್ ಲ್ಯಾಪ್ ನೋಡ್ಬೇಡಿ. ಸತತ ಹತ್ತು ಲ್ಯಾಪ್ ಟ್ರ್ಯಾಕ್ ಬಿಟ್ಟು ಹೊರಗೆ ಹೋಗ್ದೆ, ಒಂದಕ್ಕೊಂದು ಅರ್ಧ ಸೆಕೆಂಡ್ ಒಳಗೆ ಬರ್ತಿದ್ಯಾ ಅಂತ ನೋಡಿ. ಒಂದು ಲ್ಯಾಪ್ ಎರಡು ಸೆಕೆಂಡ್ ಫಾಸ್ಟ್ ಇದ್ದು ಮುಂದಿನದ್ರಲ್ಲಿ ಸ್ಪಿನ್ ಆದ್ರೆ ಆ ಫಾಸ್ಟ್ ಲ್ಯಾಪ್ ಅದೃಷ್ಟ. ಸ್ಲೋ ಆಗಿ ಓಡಿಸಿ ಹತ್ತು ಲ್ಯಾಪ್ ಸೇರಿಸಿ, ಆಮೇಲೆ ವೇಗ ಹೆಚ್ಚಿಸಿ, ಒಂದು ಸಲಕ್ಕೆ ಒಂದೇ ಕಾರ್ನರ್‌ನಲ್ಲಿ.

ಬ್ರೇಕ್ ಬಯಾಸ್ ಬಿಟ್ಟು ಇಲ್ಲಿಯವರೆಗೆ ಸೆಟಪ್ ಮುಟ್ಟಬೇಡಿ. ಪ್ರತಿ ಲ್ಯಾಪ್ ಬೇರೆ ಬೇರೆ ಥರ ಓಡಿಸೋವ್ರಿಗೆ ಸ್ಪ್ರಿಂಗ್ ಬದಲಾಯಿಸಿದ್ದು ಒಳ್ಳೇದಾಯ್ತಾ ಕೆಟ್ಟದಾಯ್ತಾ ಅಂತ ತಿಳಿಯೋ ದಾರಿಯೇ ಇಲ್ಲ.

ಹಂತ 10: ಮೊದಲ ಆನ್‌ಲೈನ್ ರೇಸ್

ವೈಫೈ ಬಿಟ್ಟು ಕೇಬಲ್ ಹಾಕಿ. ಕನೆಕ್ಷನ್ ತಡವರಿಸಿದ್ರೆ ನಿಮ್ಮ ಕಾರು ಬೇರೆಯವರ ಸ್ಕ್ರೀನಲ್ಲಿ ಜಿಗೀತಾ ಇರತ್ತೆ, ನಿಮಗೆ ತಾಗದೇ ಇದ್ದದ್ದು ಅವರಿಗೆ ತಾಗತ್ತೆ. ಹಾಗಾಗಿ ಪಕ್ಕದಲ್ಲಿ ಓಡುವಾಗ ಕಣ್ಣಿಗೆ ಸಾಕು ಅನಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಜಾಗ ಬಿಡಿ.

ಐರೇಸಿಂಗ್ ಲೆಕ್ಕ ತಿಳ್ಕೊಂಡಿರಿ: ಟ್ರ್ಯಾಕ್ ಬಿಟ್ಟು ಹೊರಗೆ ಹೋದ್ರೆ 1 ಇನ್ಸಿಡೆಂಟ್ ಪಾಯಿಂಟ್ (ತಪ್ಪಿನ ಅಂಕ), ಕಂಟ್ರೋಲ್ ತಪ್ಪಿದ್ರೆ ಅಥವಾ ಗೋಡೆಗೆ ತಾಗಿದ್ರೆ 2, ಇನ್ನೊಂದು ಕಾರಿಗೆ ಜೋರಾಗಿ ಗುದ್ದಿದ್ರೆ 4. ತಪ್ಪು ಯಾರದ್ದು ಅಂತ ಅದು ನೋಡಲ್ಲ, ಇಬ್ಬರಿಗೂ ಬೀಳತ್ತೆ. ಅನ್ಯಾಯ ಅನ್ಸತ್ತೆ, ಆದ್ರೆ ಅದ್ರಿಂದಾನೇ ಬೇರೆಯವರ ತಪ್ಪಿಂದಲೂ ದೂರ ಇರೋದನ್ನ ಕಲೀತೀರಿ.

ಮೊದಲ ಕೆಲವು ರೇಸ್ ಕ್ವಾಲಿಫೈ (ಶುರುವಿನ ಜಾಗಕ್ಕಾಗಿ ಓಡಿಸೋ ಲ್ಯಾಪ್) ಮಾಡ್ದೆ ಹಿಂದಿಂದ ಶುರು ಮಾಡಿ. ಮೊದಲ ಕಾರ್ನರ್ ಬಗ್ಗೆ ಇಟಲಿಯ ಮೊನ್ಜಾ ಟ್ರ್ಯಾಕ್ ನೆನಪಿಸ್ಕೊಳ್ಳಿ. ಅತಿ ವೇಗದ ಸ್ಟ್ರೈಟ್ ಮುಗಿದ ಕೂಡ್ಲೇ ರೆಟಿಫಿಲೊ ಶಿಕೇನ್ (ಬೆನ್ನು ಬೆನ್ನಿಗೆ ಎಡಬಲ ತಿರುಗೋ ಇಕ್ಕಟ್ಟು ತಿರುವು), ಇಡೀ ಗುಂಪು ಅಗಲವಾದ ರಸ್ತೆಯಿಂದ ಒಂದು ಕಾರಿನ ಅಗಲಕ್ಕೆ ಬಂದು ಸೇರ್ಬೇಕು. ಟೈರ್ ತಣ್ಣಗಿದೆ, ಟ್ಯಾಂಕ್ ತುಂಬಿದೆ, ಮುಂದಿನ ಕಾರಿನ ಹಿಂದೆ ಗಾಳಿಯ ತಡೆ ಕಮ್ಮಿ ಇರೋದ್ರಿಂದ ನೀವು ಪ್ರಾಕ್ಟೀಸ್‌ಗಿಂತ ಜೋರಾಗಿ ಬರ್ತಿದೀರಿ, ಮುಂದಿನವರು ಪ್ರಾಕ್ಟೀಸ್‌ಗಿಂತ ಮುಂಚೆ ಬ್ರೇಕ್ ಮಾಡ್ತಾರೆ. ನಾಲ್ಕೂ ಸೇರಿ ನಿಮ್ಮ ಮಾಮೂಲಿ ಗುರುತಿನಲ್ಲಿ ಬ್ರೇಕ್ ಒತ್ತಿದ್ರೆ ಖಂಡಿತ ಗುದ್ದುತೀರಿ. ಬೇಗನೇ ಬ್ರೇಕ್ ಮಾಡಿ, ಮುಂದಿನ ಕಾರಿನ ಬಂಪರ್ ಬಿಟ್ಟು ಅದರಾಚೆ ಎರಡು ಮೂರು ಕಾರು ಏನು ಮಾಡ್ತಿವೆ ಅಂತ ನೋಡಿ, ಸಾಧ್ಯವಾದ್ರೆ ನೇರ ಹಿಂದೆ ಇರೋ ಬದಲು ಅರ್ಧ ಕಾರಿನಷ್ಟು ಪಕ್ಕಕ್ಕೆ ಸರಿದಿರಿ.

ಓವರ್‌ಟೇಕ್‌ಗೆ ಹೋದ್ರೆ ಅವರು ತಿರುಗಿಸೋಕೆ ಶುರು ಮಾಡೋ ಮುಂಚೆ ನಿಮ್ಮ ಕಾರಿನ ಮುಂಭಾಗ ಅವರ ಬಾಗಿಲಿನ ಹತ್ತಿರ ಬಂದಿರ್ಬೇಕು. ಬಂದಿಲ್ಲ ಅಂದ್ರೆ ಬಿಟ್ಬಿಡಿ, ಕಡೇ ಕ್ಷಣದಲ್ಲಿ ಒಳಗೆ ನುಗ್ಗಿ "ಜಾಗ ಇತ್ತು" ಅನ್ನೋದು ರೇಸಿಂಗ್ ಅಲ್ಲ. ನಿಮ್ಮನ್ನ ಯಾರಾದ್ರೂ ದಾಟೋಕೆ ಬಂದಾಗ ಬ್ರೇಕ್ ಒತ್ತಿದ ಮೇಲೆ ಲೈನ್ ಬದಲಾಯಿಸ್ಬೇಡಿ. ಒಂದು ಲ್ಯಾಪ್ ಮುಂದಿರೋರು ಹಿಂದೆ ಬಂದು ನೀಲಿ ಬಾವುಟ ಬಂದ್ರೆ ಗಾಬರಿಯಾಗಿ ಪಕ್ಕಕ್ಕೆ ಎಗರಬೇಡಿ. ನಿಮ್ಮ ಲೈನ್‌ನಲ್ಲೇ ಇರಿ, ಸ್ಟ್ರೈಟ್‌ನಲ್ಲಿ ಸ್ವಲ್ಪ ಥ್ರಾಟಲ್ ಬಿಡಿ, ಅವರು ದಾರಿ ನೋಡ್ಕೊಳ್ತಾರೆ.

ಸ್ಪಿನ್ ಆದ ತಕ್ಷಣ ಬ್ರೇಕ್ ಪೂರ್ತಿ ಒತ್ತಿ ಹಿಡ್ಕೊಳ್ಳಿ. ನಿಂತ ಕಾರನ್ನ ಹಿಂದಿನವರು ತಪ್ಪಿಸ್ತಾರೆ, ಉರುಳ್ತಾ ಇರೋ ಕಾರನ್ನ ತಪ್ಪಿಸೋಕಾಗಲ್ಲ. ಎಲ್ಲರೂ ಹೋಗೋವರೆಗೆ ಕಾದು, ರಾಡಾರ್ ಖಾಲಿ ಆದ ಮೇಲೆ ಟ್ರ್ಯಾಕ್‌ನ ಅಂಚಲ್ಲೇ ವೇಗ ತಗೊಂಡು ಸೇರ್ಕೊಳ್ಳಿ. ಯಾರಾದ್ರೂ ಗುದ್ದಿದ್ರೆ ವಾಪಸ್ ಗುದ್ದೋಕೆ ಹೋಗ್ಬೇಡಿ, ಚಾಟ್‌ನಲ್ಲಿ ಬೈಬೇಡಿ, ರೀಪ್ಲೇ ಸೇವ್ ಮಾಡಿ ರಿಪೋರ್ಟ್ ಹಾಕಿ.

ರೇಸ್ ಮುಗಿದ ಮೇಲೆ ಅದೇ ರೀಪ್ಲೇನ ಎದುರಿನವರ ಕಾರೊಳಗಿಂದ ನೋಡಿ. ಅವರ ಕನ್ನಡಿಯಲ್ಲಿ ನೀವು ಯಾವಾಗ ಕಾಣಿಸಿದ್ರಿ, ಅವರಿಗೆ ಪ್ರತಿಕ್ರಿಯಿಸೋಕೆ ಎಷ್ಟು ಟೈಮ್ ಇತ್ತು ಅಂತ ನೋಡಿದ್ರೆ "ಅವನೇ ಬಂದು ಗುದ್ದಿದ" ಅಂದ್ಕೊಂಡಿದ್ದು ಎಷ್ಟೋ ಸಲ ಬೇರೆ ಥರಾನೇ ಕಾಣತ್ತೆ.

ಐದಾರು ರೇಸ್ ಸತತವಾಗಿ ಗುದ್ದಾಟ ಇಲ್ದೆ ಮುಗಿಸಿದ ಮೇಲೆ ಜಿಟಿ3ಗೆ ಹೋಗಿ. ಹೋದ ದಿನ ಹಂತ 3 ಮತ್ತು 5ನ್ನ ಮತ್ತೆ ಮಾಡಿ, ಆ ಕಾರಿನ ಸ್ಟೀರಿಂಗ್ ಕೋನ ಬೇರೆ, ಬಲ ಜಾಸ್ತಿ, ಎಂಎಕ್ಸ್-5ಗೆ ಇಟ್ಟ ಗೇನ್ ಅಲ್ಲಿ ಕ್ಲಿಪ್ ಆಗತ್ತೆ. ಕಾಂಪಿಟಿಜಿಯೋನೆ ಆದ್ರೆ ಟೈರ್ ಬಿಸಿ ಆದ ಮೇಲೆ ಒಣ ರಸ್ತೆಯಲ್ಲಿ ಗಾಳಿ ಒತ್ತಡ 26ರಿಂದ 27 ಪಿಎಸ್‌ಐ ಮಧ್ಯೆ ಬರೋ ಹಾಗೆ ಪಿಟ್‌ನಲ್ಲಿ ಹೊಂದಿಸ್ಕೊಳ್ಳಿ. ಸೆಟಪ್‌ನಲ್ಲಿ ಮೊದಲು ಕೈ ಹಾಕ್ಬೇಕಾದ್ದು ಅದಕ್ಕೇ, ಉಳಿದದ್ದು ಸಿಮ್ ಜೊತೆ ಬರೋ ಸೇಫ್ ಸೆಟಪ್‌ನಲ್ಲಿ ಇರೋ ಹಾಗೇ ಇರ್ಲಿ.